ಇಬ್ಬರದೂ ಅದೇ ರೊಟ್ಟಿ, ಅದೇ ವಾಕಿಂಗ್. ಹೊಟ್ಟೆ ಮಾತ್ರ ನನಗೇ ಯಾಕೆ?

ಪ್ರಶ್ನೆ: ಜೋಳದರೊಟ್ಟಿ84, ವಿಜಯಪುರ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನನಗೆ 34 ವರ್ಷ, ಎತ್ತರ 170 ಸೆಂಟಿಮೀಟರ್, ತೂಕ 84 ಕೆಜಿ. ಆಫೀಸ್ ಕೆಲಸ. ಮುಂಜಾನೆ ಹತ್ತಕ್ಕೆ ಕುರ್ಚಿ ಹಿಡಿದರೆ ಸಂಜೆ ಆರರ ತನಕ ಕಂಪ್ಯೂಟರ್ ಮುಂದೆಯೇ. ನನಗೊಬ್ಬ ಗೆಳೆಯ ಇದ್ದಾನೆ, ಓದಿದ್ದೂ ಒಟ್ಟಿಗೆ, ಈಗ ಇರುವುದೂ ಒಂದೇ ಓಣಿಯಲ್ಲಿ. ವಯಸ್ಸು ನನ್ನಷ್ಟೇ, ಎತ್ತರ ನನಗಿಂತ ಒಂದೆರಡು ಸೆಂಟಿಮೀಟರ್ ಜಾಸ್ತಿ, ತೂಕ ಮಾತ್ರ 62. ಮುಂಜಾನೆ ಇಬ್ಬರೂ ಸೇರಿಯೇ ಗೋಳಗುಮ್ಮಟದ ತೋಟದಲ್ಲಿ ಮುಕ್ಕಾಲು ಗಂಟೆ ನಡೆಯುತ್ತೇವೆ. ರವಿವಾರ ನಮ್ಮ ಮನೆಗೆ ಊಟಕ್ಕೆ ಬಂದರೆ ನನಗಿಂತ ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಾನೆ. ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಯಾವುದನ್ನೂ ಬಿಡುವುದಿಲ್ಲ. ಅವ್ವ ಖುಷಿಯಿಂದ ಅವನಿಗೆ ಇನ್ನೊಂದು ಹಾಕುತ್ತಾಳೆ, ನನ್ನ ಕಡೆ ನೋಡಿ "ನಿನಗೆ ಸಾಕು ಬಿಡು" ಅನ್ನುತ್ತಾಳೆ. ಅವನದು ಹಾರ್ಡ್‌ವೇರ್ ಅಂಗಡಿ, ಮುಂಜಾನೆ ಎಂಟೂವರೆಗೇ ಬಾಗಿಲು ತೆಗೆಯಬೇಕು, ಅದಕ್ಕೆ ವಾಕಿಂಗ್ ಮುಗಿದ ತಕ್ಷಣ ಓಡುತ್ತಾನೆ.

ಈಚೆಗೆ ಜಿಮ್ಮಿಗೆ ಹೋಗಿ ವಿಚಾರಿಸಿದೆ. ಅಲ್ಲಿನ ಟ್ರೇನರ್ ನನ್ನ ಹೊಟ್ಟೆ ನೋಡಿದವನೇ "ನಿಮ್ಮ ಮೆಟಬಾಲಿಸಂ ಸ್ಲೋ ಇದೆ ಸರ್" ಅಂದ, ಅಂದರೆ ಮೈ ಕ್ಯಾಲೊರಿ ಸುಡುವ ವೇಗ ಕಡಿಮೆಯಂತೆ. ಒಂದು ಪೌಡರ್ ಡಬ್ಬಿ ತೋರಿಸಿ, ಇದು ಕುಡಿದರೆ ಫಾಸ್ಟ್ ಆಗುತ್ತದೆ ಅಂದ. ಅವ್ವ ಥೈರಾಯ್ಡ್ ಇರಬೇಕು ಅನ್ನುತ್ತಾಳೆ. ನನ್ನ ಮೈದುನ ರೊಟ್ಟಿ ಬಿಟ್ಟು ಓಟ್ಸ್ ತಿನ್ನು ಅನ್ನುತ್ತಾನೆ. ಆಫೀಸಿನಲ್ಲಿ ಒಬ್ಬರು ದಿನಕ್ಕೆ ಆರು ಸಲ ತಿನ್ನು ಅಂತ, ಇನ್ನೊಬ್ಬರು ರಾತ್ರಿ ಊಟವನ್ನೇ ಬಿಡು ಅಂತ. ತಲೆ ಕೆಟ್ಟಿದೆ.

ನನ್ನ ಮೆಟಬಾಲಿಸಂ ನಿಜಕ್ಕೂ ಸ್ಲೋ ಇರಬಹುದಾ? ಅದನ್ನು ಅಳೆಯಲು ಬರುತ್ತದಾ? ರೊಟ್ಟಿ ಬಿಡಬೇಕಾ? ಗೊತ್ತಿದ್ದವರು ಹೇಳಿ.

ನವನಗರದವ, ಬಾಗಲಕೋಟೆ

ಗೆಳೆಯನದು ಹಾರ್ಡ್‌ವೇರ್ ಅಂಗಡಿ ಅಂತ ನೀವೇ ಬರೆದಿದ್ದೀರಿ, ಅರ್ಧ ಉತ್ತರ ಅಲ್ಲೇ ಇದೆ ನೋಡ್ರಿ. ಅವನು ಸಿಮೆಂಟ್ ಚೀಲ ಸರಿಸುತ್ತಾನೆ, ಪೈಪ್ ತೆಗೆಯಲು ಏಣಿ ಹತ್ತುತ್ತಾನೆ, ಗಿರಾಕಿ ಬಂದಾಗಲೆಲ್ಲ ಎದ್ದು ನಿಲ್ಲುತ್ತಾನೆ, ಮೊಳೆ ತೂಗುತ್ತಾನೆ. ನೀವು ಎಂಟು ಗಂಟೆ ಕುರ್ಚಿ. ಮುಕ್ಕಾಲು ಗಂಟೆ ಒಟ್ಟಿಗೆ ನಡೆದದ್ದು ಬಿಟ್ಟರೆ ಉಳಿದ 23 ಗಂಟೆ ಇಬ್ಬರದೂ ಬೇರೆ ಬೇರೆ ಬದುಕು.

ಆಮೇಲೆ ನೀವು ಊಟದ ಲೆಕ್ಕ ಮಾತ್ರ ಕೊಟ್ಟಿದ್ದೀರಿ. ಚಹಾ ಎಷ್ಟು? ಅವನು ಅಂಗಡಿಗೆ ಓಡಿದ ಮೇಲೆ ನೀವು ಎಲ್ಲಿಗೆ ಹೋಗುತ್ತೀರಿ? ಸುಮ್ನೆ ಮನೆಗೇ ಹೋಗುತ್ತೀರಿ ಅಂದರೆ ನಾನಂತೂ ನಂಬುವುದಿಲ್ಲ.

ಪೌಡರ್ ಮಾತ್ರ ತಗೋಬೇಡಿ.

ಜೋಳದರೊಟ್ಟಿ84

ಹ್ಹ ಹ್ಹ, ಸಿಕ್ಕಿಬಿದ್ದೆ. ವಾಕಿಂಗ್ ಆದ ಮೇಲೆ ನಾವು ನಾಲ್ಕೈದು ಜನ ಹೋಟೆಲಿನಲ್ಲಿ ಕೂಡುತ್ತೇವೆ, ಪೂರಿ ಇಲ್ಲವೇ ವಡೆ, ಆಮೇಲೆ ಚಹಾ. ದಿನಕ್ಕೆ ಚಹಾ ಐದಾರು ಆಗುತ್ತದೆ, ಸಕ್ಕರೆ ಎರಡು ಚಮಚ. ಸಂಜೆ ಮಿರ್ಚಿ ಭಜಿ, ಚುರುಮುರಿ, ಅದು ದಿನಾ ಅಲ್ಲ. ಆದರೂ ಇಷ್ಟರಿಂದಲೇ 22 ಕೆಜಿ ಫರಕ್ ಬರುತ್ತಾ? ಮೈಯೊಳಗೆ ಬೇರೆ ಏನೋ ಇರಬೇಕು ಅಂತ ನನ್ನ ಅನುಮಾನ.

ಡಯಟ್ ಅಕ್ಕ, ಬೆಳಗಾವಿ

ಆಹಾರ ಸಲಹೆ ಕೊಡುವುದೇ ನನ್ನ ಕೆಲಸ. ವಾರಕ್ಕೊಬ್ಬರಾದರೂ ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ ಅಣ್ಣಾ.

ಮೊದಲು ನಿಮ್ಮ ಮೆಟಬಾಲಿಸಂ. ಏನೂ ಮಾಡದೆ ಸುಮ್ನೆ ಮಲಗಿದ್ದರೂ ಮೈ ಕ್ಯಾಲೊರಿ ಉರಿಸುತ್ತಿರುತ್ತದೆ. ಹೃದಯ, ಮಿದುಳು, ಯಕೃತ್ತು, ಮೂತ್ರಪಿಂಡ ಯಾವುದೂ ರಜೆ ತಗೊಳ್ಳುವುದಿಲ್ಲ. ಕೂತು ಕೆಲಸ ಮಾಡುವವರ ದಿನದ ಖರ್ಚಿನಲ್ಲಿ ಶೇಕಡಾ 60ರಿಂದ 70 ಇದೇ. ತಿಂದದ್ದನ್ನು ಅರಗಿಸಲು ಸುಮಾರು 10. ಉಳಿದದ್ದು ಓಡಾಟ. ಮಲಗಿದ್ದಾಗಿನ ಖರ್ಚನ್ನು ಅಂದಾಜು ಮಾಡಲು 1990ರಲ್ಲಿ ಬಂದ ಮಿಫ್ಲಿನ್ ಸೂತ್ರ ಅಂತ ಇದೆ, ನಾವು ದಿನಾ ಬಳಸುವುದು. ಗಂಡಸರಿಗೆ ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ, ವಯಸ್ಸಿನ ಐದರಷ್ಟನ್ನು ಕಳೆದು, 5 ಸೇರಿಸಿ. ನಿಮ್ಮದು ಸುಮಾರು 1,740 ಕ್ಯಾಲೊರಿ ಬರುತ್ತದೆ. ನಿಮ್ಮ ಗೆಳೆಯನದು 1,530ರ ಆಸುಪಾಸು. ಅಂದರೆ ಮಲಗಿದ್ದಲ್ಲೇ ನೀವು ಅವನಿಗಿಂತ 200 ಕ್ಯಾಲೊರಿ ಜಾಸ್ತಿ ಸುಡುತ್ತೀರಿ. ಲಾರಿ ನಿಂತಲ್ಲೇ ಸ್ಟಾರ್ಟ್ ಇದ್ದರೂ ಬೈಕಿಗಿಂತ ಹೆಚ್ಚು ಎಣ್ಣೆ ಕುಡಿಯುತ್ತದೆ ಅಲ್ವಾ, ಹಾಗೆ. ದಪ್ಪ ಇದ್ದವರ ಮೆಟಬಾಲಿಸಂ ಸ್ಲೋ ಅನ್ನುವುದು ಹೆಚ್ಚಿನವರ ಮಟ್ಟಿಗೆ ಉಲ್ಟಾ ಮಾತು.

ಹಾಗಂತ ಎಲ್ಲರ ಮೈಯೂ ಒಂದೇ ಅಂತ ನಾನು ಹೇಳುತ್ತಿಲ್ಲ. ಒಂದೇ ತೂಕ, ಒಂದೇ ವಯಸ್ಸಿನ ಇಬ್ಬರಲ್ಲೂ ನೂರಿನ್ನೂರು ಕ್ಯಾಲೊರಿ ಹೆಚ್ಚುಕಡಿಮೆ ಇರುತ್ತದೆ. ಹೆಚ್ಚಿಗೆ ತಿಂದಾಗ ಮೈ ಏನು ಮಾಡುತ್ತದೆ ಅನ್ನುವುದರಲ್ಲಂತೂ ಭಾಳ ಫರಕ್ ಇದೆ. ಕೆನಡಾದಲ್ಲಿ ಕ್ಲಾಡ್ ಬುಷಾರ್ ಅನ್ನುವವರು 12 ಜೋಡಿ ಅವಳಿಗಳಿಗೆ ದಿನಕ್ಕೆ 1,000 ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿ ನೋಡಿದರು. ವಾರಕ್ಕೆ ಆರು ದಿನ, ಒಟ್ಟು 100 ದಿನದ ಪ್ರಯೋಗ, 1990ರಲ್ಲಿ ಪ್ರಕಟವಾಯಿತು. ಒಬ್ಬರಿಗೆ 4 ಕೆಜಿ ಚಿಲ್ಲರೆ ಏರಿತು, ಮತ್ತೊಬ್ಬರಿಗೆ 13 ಕೆಜಿ. ಆದರೆ ಒಂದೇ ಜೋಡಿಯ ಅಣ್ಣತಮ್ಮಂದಿರ ತೂಕ ಹೆಚ್ಚುಕಡಿಮೆ ಒಂದೇ ರೀತಿ ಏರಿತ್ತು. ಅಂದರೆ ವಂಶದ ಪಾತ್ರ ಇದೆ, ಅದನ್ನು ಅಲ್ಲಗಳೆಯಲು ಬರುವುದಿಲ್ಲ.

ಹೆಚ್ಚಿಗೆ ತಿಂದದ್ದು ಕೆಲವರಲ್ಲಿ ಎಲ್ಲಿಗೆ ಹೋಗುತ್ತದೆ? ಇದಕ್ಕೆ ಅಮೆರಿಕದ ಜೇಮ್ಸ್ ಲೆವೀನ್ 1999ರಲ್ಲಿ ಉತ್ತರ ಹುಡುಕಿದರು. 16 ಜನರಿಗೆ ಎಂಟು ವಾರ, ದಿನಕ್ಕೆ 1,000 ಕ್ಯಾಲೊರಿ ಹೆಚ್ಚಿಗೆ. ಕೊಬ್ಬು ಏರಿದ್ದು ಒಬ್ಬರಿಗೆ ಅರ್ಧ ಕೆಜಿಗಿಂತ ಕಡಿಮೆ, ಇನ್ನೊಬ್ಬರಿಗೆ 4 ಕೆಜಿಗಿಂತ ಜಾಸ್ತಿ. ಏರದೇ ಇದ್ದವರು ಗೊತ್ತಿಲ್ಲದಂತೆಯೇ ಹೆಚ್ಚು ಅಲುಗಾಡುತ್ತಿದ್ದರು. ಏಳುವುದು, ನಿಲ್ಲುವುದು, ಅತ್ತಿಂದಿತ್ತ ತಿರುಗುವುದು, ಕಾಲು ಕುಣಿಸುವುದು. ವ್ಯಾಯಾಮ ಅಂತ ನಾವು ಲೆಕ್ಕಕ್ಕೇ ಹಿಡಿಯದ ಚಲನೆ ಇದು. ಲೆವೀನ್ ಅವರೇ 2005ರಲ್ಲಿ ತೆಳ್ಳಗಿನವರನ್ನೂ ದಪ್ಪ ಇದ್ದವರನ್ನೂ ಹೋಲಿಸಿದಾಗ, ದಪ್ಪ ಇದ್ದವರು ದಿನಕ್ಕೆ ಎರಡು ಗಂಟೆಗೂ ಮಿಕ್ಕಿ ಹೆಚ್ಚು ಹೊತ್ತು ಕೂತಿರುತ್ತಿದ್ದರು. ಅಷ್ಟು ಹೊತ್ತು ಎದ್ದು ಓಡಾಡಿದ್ದರೆ ದಿನಕ್ಕೆ ಸುಮಾರು 350 ಕ್ಯಾಲೊರಿ ಹೋಗುತ್ತಿತ್ತು ಅಂತ ಅವರ ಲೆಕ್ಕ. ನವನಗರದ ಅಣ್ಣ ಹಾರ್ಡ್‌ವೇರ್ ಅಂಗಡಿ ಅಂದದ್ದು ಇದನ್ನೇ.

ಇನ್ನು ಚಹಾ. ಚಮಚಕ್ಕೆ 5 ಗ್ರಾಂ ಸಕ್ಕರೆ ಹಿಡಿದರೆ 20 ಕ್ಯಾಲೊರಿ. ಆರು ಕಪ್, ಎರಡೆರಡು ಚಮಚ, 240 ಕ್ಯಾಲೊರಿ ಆಯಿತು. ಹಾಲು ಬೇರೆ. ನಿಮ್ಮ ತೂಕದವರು ಮುಕ್ಕಾಲು ಗಂಟೆ ನಡೆದರೆ ಹೋಗುವುದು 200 ಚಿಲ್ಲರೆ. ಮುಂಜಾನೆಯ ಇಡೀ ವಾಕಿಂಗ್ ಸಕ್ಕರೆಗೇ ಸರಿಹೋಯಿತು. ಪೂರಿ, ವಡೆ, ಭಜಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಇದನ್ನು ಬೈಯಲು ಹೇಳುತ್ತಿಲ್ಲ. ತಿಂದದ್ದನ್ನು ಕಡಿಮೆ ಹೇಳುವುದು ಮನುಷ್ಯ ಸ್ವಭಾವ. 1992ರಲ್ಲಿ ನ್ಯೂಯಾರ್ಕಿನಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಅನ್ನುವವರನ್ನೇ ಆರಿಸಿ ಅಳೆದರು. ಅವರ ಮೆಟಬಾಲಿಸಂ ಸರಿಯಾಗಿಯೇ ಇತ್ತು. ಹೇಳಿದ್ದರ ಸುಮಾರು ಎರಡರಷ್ಟು ತಿನ್ನುತ್ತಿದ್ದರು. ಸುಳ್ಳು ಹೇಳಿದ್ದಲ್ಲ, ನೆನಪಿಗೇ ಬರುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಯಲ್ಲೂ ಪೂರಿ ಇರಲಿಲ್ಲ ನೋಡಿ.

ಅಳೆಯಲು ಬರುತ್ತದಾ ಅಂದರೆ ಬರುತ್ತದೆ. ಉಸಿರಿನಲ್ಲಿ ಎಷ್ಟು ಆಮ್ಲಜನಕ ಖರ್ಚಾಯಿತು ಅಂತ ನೋಡುವ ಯಂತ್ರ ಇದೆ, ಆದರೆ ನಿಮಗೆ ಅದು ಬೇಡ. ಜಿಮ್ಮಿನಲ್ಲಿ ಕಾಲಿಟ್ಟು ನಿಲ್ಲುವ ಮಷೀನು ತೋರಿಸುವ ನಂಬರು ಅಳತೆ ಅಲ್ಲ, ಅದೂ ಸೂತ್ರದ ಅಂದಾಜೇ.

ರೊಟ್ಟಿ ಬಿಡಬೇಡಿ. ಜೋಳದ ಹಿಟ್ಟಿನಲ್ಲಿ 100 ಗ್ರಾಮಿಗೆ ಸುಮಾರು 10 ಗ್ರಾಂ ನಾರು, 10 ಗ್ರಾಂ ಪ್ರೋಟೀನ್ ಇದೆ, ಬೇಯಿಸಲು ಹನಿ ಎಣ್ಣೆ ಬೇಡ. ಓಟ್ಸ್ ಒಳ್ಳೆಯದೇ. ಆದರೆ ಮನೆಯಲ್ಲಿ ಜೋಳ ಇರುವಾಗ ಅದಕ್ಕೆ ದುಡ್ಡು ಸುರಿದು ಹೊಸದೇನು ಸಿಗುತ್ತದೆ ಅಂತ ನನಗಂತೂ ಅರ್ಥ ಆಗುವುದಿಲ್ಲ. ಆರು ಸಲ ತಿಂದರೆ ಮೆಟಬಾಲಿಸಂ ಏರುತ್ತದೆ ಅನ್ನುವುದೂ ಸುಳ್ಳು. ಅರಗಿಸುವ ಖರ್ಚು ಒಟ್ಟು ತಿಂದದ್ದರ ಮೇಲೆ ಹೋಗುತ್ತದೆ, ಎಷ್ಟು ಸಲ ಅನ್ನುವುದರ ಮೇಲಲ್ಲ.

ಗರಡಿ ಹುಡುಗ, ಮುಧೋಳ

ಅಕ್ಕನ ಲೆಕ್ಕ ಎಲ್ಲ ಸರಿ ಇದೆ, ಒಪ್ಪುತ್ತೇನೆ. ಆದರೆ ನಮ್ಮ ಕಡೆ ತಾಟಿನ ಮುಂದೆ ಕೂತು ಕ್ಯಾಲೊರಿ ಎಣಿಸುವವರು ಯಾರಿದ್ದಾರೆ ಹೇಳಿ. ನಾನು ಎಣಿಸಿದವನೇ ಅಲ್ಲ. ಬರೀ ನಡೆದು ಇಳಿಸುತ್ತೇನೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ, ಮೈಯಲ್ಲಿ ಕಸುವು ಬರಬೇಕು.

ನಮ್ಮ ಗರಡಿಯಲ್ಲಿ ಹಳೆಯ ಪೈಲ್ವಾನರನ್ನು ನೋಡಿದ್ದೇನೆ. ಆಡುವ ಕಾಲಕ್ಕೆ ಹಾಲು, ತುಪ್ಪ, ಬಾದಾಮಿ, ರೊಟ್ಟಿ ಎಷ್ಟು ತಿಂದರೂ ಮೈ ಕಲ್ಲಿನ ಹಾಗೆ. ಕುಸ್ತಿ ಬಿಟ್ಟ ಮೇಲೆ ಕಸರತ್ತು ನಿಂತಿತು, ಊಟ ನಿಲ್ಲಲಿಲ್ಲ. ಎರಡು ಮೂರು ವರ್ಷದಲ್ಲಿ ಹೊಟ್ಟೆ. ಮೆಟಬಾಲಿಸಂ ಕೆಟ್ಟಿತು ಅನ್ನುತ್ತಾರೆ. ಏನೂ ಕೆಟ್ಟಿಲ್ಲ, ಅಖಾಡಕ್ಕೆ ಇಳಿಯುವುದು ನಿಂತಿದೆ ಅಷ್ಟೇ.

ನೀವು ಜಿಮ್ಮಿಗೆ ಹೋಗದಿದ್ದರೂ ನಡೆಯುತ್ತದೆ. ಮೊದಲು ಗೋಡೆಗೆ ಕೈ ಕೊಟ್ಟು ದಂಡ ಹೊಡೆಯಿರಿ, ಅದು ಸಲೀಸಾದ ಮೇಲೆ ಕಟ್ಟೆಗೆ ಕೈ ಕೊಡಿ, ಆಮೇಲೆ ನೆಲ. ಬೈಠಕ್ ಪೂರ್ತಿ ಇಳಿಯಬೇಡಿ, 84 ಕೆಜಿ ಮಂಡಿ ಮೇಲೆ ಬೀಳುತ್ತದೆ. ಕುರ್ಚಿ ಇಟ್ಟುಕೊಂಡು ಕೂತು ಏಳುವುದರಿಂದ ಶುರು ಮಾಡಿ. ಎರಡು ಕೈಯಲ್ಲಿ ನೀರು ತುಂಬಿದ ಕೊಡ ಹಿಡಿದು ಅಂಗಳದಲ್ಲಿ ಹೋಗಿ ಬರುವುದು ಇನ್ನೊಂದು. ಬೆನ್ನು ನೆಟ್ಟಗೆ ಇರಲಿ. ವಾರಕ್ಕೆ ಎರಡು ಮೂರು ದಿನ ಸಾಕು, ದಿನಾ ಬೇಡ. ಮೈಕೈ ನೋವು ಬಂದರೆ ಒಂದು ದಿನ ಬಿಟ್ಟು ಮಾಡಿ.

ಪೌಡರ್ ಬಗ್ಗೆ. ಡಬ್ಬಿ ಮೇಲೆ ವೇ ಪ್ರೋಟೀನ್ ಅಂತ ಇದ್ದರೆ ಅದು ಹಾಲಿನಿಂದ ತೆಗೆದ ಪ್ರೋಟೀನು, ವಿಷ ಏನಲ್ಲ, ಆದರೆ ನಿಮಗೆ ಅವಶ್ಯನೂ ಇಲ್ಲ. ಮೆಟಬಾಲಿಸಂ ಬೂಸ್ಟರ್, ಫ್ಯಾಟ್ ಬರ್ನರ್ ಅಂತ ಇದ್ದರೆ ಹಿಂದೆ ತಿರುಗಿಸಿ ಓದಿ, ಹೆಚ್ಚಿನವುಗಳಲ್ಲಿ ಚಹಾ, ಕಾಫಿಯಲ್ಲಿರುವ ಕೆಫೀನೇ ಇರುತ್ತದೆ. ಎದೆ ಡವಡವ ಅನ್ನುತ್ತದೆ, ರಾತ್ರಿ ನಿದ್ದೆ ಹೋಗುತ್ತದೆ, ಕಿಸೆ ಖಾಲಿ. ದಿನಕ್ಕೆ ಆರು ಚಹಾ ಕುಡಿಯುವವರಿಗೆ ಮೇಲೆ ಇದೂ ಬೇಕಾ?

ಡಯಟ್ ಅಕ್ಕ, ಬೆಳಗಾವಿ

ಗರಡಿ ಅಣ್ಣ ಹೇಳಿದ ಕಸರತ್ತು ಚೆನ್ನಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಅಂತ ಹೇಳುತ್ತದೆ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಸ್ನಾಯು ಬೆಳೆದರೆ ಮಲಗಿದ್ದಲ್ಲೇ ಕೊಬ್ಬು ಕರಗುತ್ತದೆ ಅಂತ ಜಿಮ್ಮಿನಲ್ಲಿ ಭಾಳ ಉಬ್ಬಿಸಿ ಹೇಳುತ್ತಾರೆ. ಒಂದು ಕೆಜಿ ಸ್ನಾಯು ಸುಮ್ನೆ ಇದ್ದಾಗ ದಿನಕ್ಕೆ ಸುಡುವುದು ಸುಮಾರು 13 ಕ್ಯಾಲೊರಿ, ಒಂದು ಕೆಜಿ ಕೊಬ್ಬು ನಾಲ್ಕೂವರೆ. ಐದು ಕೆಜಿ ಸ್ನಾಯು ಬೆಳೆಸಿದರೂ ಅರ್ಧ ರೊಟ್ಟಿಯಷ್ಟೂ ಆಗುವುದಿಲ್ಲ. ಕಸರತ್ತಿನ ಲಾಭ ಬೇರೆ ಕಡೆ ಇದೆ. ತಿಂದ ಸಕ್ಕರೆಯನ್ನು ರಕ್ತದಿಂದ ಎಳೆದುಕೊಳ್ಳುವುದು ಹೆಚ್ಚಾಗಿ ಸ್ನಾಯುವೇ. ತೂಕ ಇಳಿಸುವಾಗ ಕಸರತ್ತು ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗಿ ಹೋಗುತ್ತದೆ.

ಸಣಕಲ, ಇಂಡಿ

ಎಲ್ಲರೂ ದಪ್ಪ ಇದ್ದವರ ಕಷ್ಟ ಹೇಳಿದಿರಿ, ಈಗ ತೆಳ್ಳಗಿದ್ದವರದನ್ನೂ ಕೇಳಿ. ನನ್ನ ತೂಕ 58. ಜೀವನ ಪೂರ್ತಿ "ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ, ಪುಣ್ಯವಂತ" ಅನ್ನಿಸಿಕೊಂಡವನು. ಶ್ರಾವಣದಲ್ಲಿ ಶೇಂಗಾ ಹೋಳಿಗೆ ಪಂದ್ಯ ಕಟ್ಟಿ ತಿಂದವನು. ಅಮೀನಗಡದ ಕರದಂಟು ತಂದರೆ ಡಬ್ಬಿ ನನ್ನ ಹತ್ತಿರವೇ. ನಲವತ್ತರ ಹೊತ್ತಿಗೆ ಆಫೀಸಿನ ತಪಾಸಣೆಯಲ್ಲಿ ಸಕ್ಕರೆ ಕಾಯಿಲೆ ಅಂತ ಬಂತು. ಮನೆಯಲ್ಲಿ ಯಾರೂ ನಂಬಲಿಲ್ಲ. "ಇಷ್ಟು ಸಣ್ಣ ಇರುವವನಿಗೆ ಸಕ್ಕರೆನಾ, ರಿಪೋರ್ಟ್ ಬದಲಾಗಿರಬೇಕು" ಅಂದರು. ಮತ್ತೆ ಮಾಡಿಸಿದರೂ ಅದೇ.

ಆಗ ಡಾಕ್ಟರು ಹೇಳಿದ್ದು ನನಗೆ ಈಗಲೂ ನೆನಪಿದೆ. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾಕ್ಟರ್ ಯೂಡ್ಕಿನ್ ಇಬ್ಬರೂ ಒಟ್ಟಿಗೆ ನಿಂತ ಫೋಟೋ ಒಂದಿದೆ, 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಇಬ್ಬರ ಬಿಎಂಐಯೂ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಅಳತೆ, 22.3. ಆದರೆ ಮೈಯ ಕೊಬ್ಬು ಯೂಡ್ಕಿನ್ ಅವರದು ಶೇಕಡಾ 9.1, ಯಾಜ್ಞಿಕ್ ಅವರದು 21.2. ನಾವು ಭಾರತದವರು ಹೊರಗೆ ಸಣ್ಣ ಕಂಡರೂ ಒಳಗೆ, ಅದರಲ್ಲೂ ಹೊಟ್ಟೆಯ ಸುತ್ತ ಕೊಬ್ಬು ಇಟ್ಟುಕೊಂಡಿರುತ್ತೇವೆ. ಅದಕ್ಕೇ ನಮ್ಮವರಿಗೆ ಬಿಎಂಐ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಅಂತ ಬೇರೆ ಗೆರೆ ಹಾಕಿದ್ದಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

ನಿಮ್ಮ ಗೆಳೆಯನಿಗೂ ಒಮ್ಮೆ ಸಕ್ಕರೆ ಚೆಕ್ ಮಾಡಿಸಲು ಹೇಳಿ. ಸಣ್ಣ ಇದ್ದಾನೆ ಅಂತ ಯಾರೂ ಅವನಿಗೆ ಹೇಳಿರುವುದಿಲ್ಲ.

ನವನಗರದವ, ಬಾಗಲಕೋಟೆ

ಇಂಡಿಯವರ ಮಾತಿಗೆ ನೂರು ಲೈಕ್. 84 ಕೆಜಿಯವರು ಬೈಸಿಕೊಂಡಾದರೂ ಡಾಕ್ಟರ ಹತ್ತಿರ ಹೋಗುತ್ತಾರೆ.

ವ್ಯಾಕ್ಸಿನ್ ಡಿಪೋ ವಾಕರ್, ಬೆಳಗಾವಿ

ಥೈರಾಯ್ಡ್ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ 47, ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತದೆ, ಹಲವು ವರ್ಷಗಳಿಂದ ಗುಳಿಗೆ ಇದೆ. ಅವ್ವ ಹೇಳಿದ್ದನ್ನು ತಳ್ಳಿಹಾಕಬೇಡಿ, ಟಿಎಸ್‌ಎಚ್ ಅಂತ ಒಂದು ರಕ್ತ ಪರೀಕ್ಷೆ, ಮಾಡಿಸಿಬಿಡಿ, ಅನುಮಾನ ಹೋಗುತ್ತದೆ. ಆದರೆ 20 ಕೆಜಿಯನ್ನೆಲ್ಲ ಅದರ ತಲೆಗೆ ಕಟ್ಟಬೇಡಿ. ಥೈರಾಯ್ಡಿನಿಂದ ಏರುವುದು ಹೆಚ್ಚಿನವರಿಗೆ ಎರಡರಿಂದ ಐದು ಕೆಜಿ, ಅದರಲ್ಲೂ ಬಹುಪಾಲು ಮೈಯಲ್ಲಿ ನಿಲ್ಲುವ ಉಪ್ಪು ಮತ್ತು ನೀರು. ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಕೂದಲು ಉದುರುವುದು ಇದ್ದರೆ ತಡ ಮಾಡಬೇಡಿ. ಗುಳಿಗೆ ಬರೆದುಕೊಟ್ಟರೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಂಡು ಅರ್ಧ ಗಂಟೆಯಾದರೂ ಚಹಾ ಮುಟ್ಟಬಾರದು. ನಿಮಗೆ ಅದೇ ದೊಡ್ಡ ಶಿಕ್ಷೆ ಆಗಬಹುದು!

ನಾನು ಮುಂಜಾನೆ ಇಲ್ಲಿನ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ನಡೆಯುತ್ತೇನೆ. ಅಲ್ಲಿ ನಮ್ಮ ವಯಸ್ಸಿನ ಹೆಂಗಸರೆಲ್ಲ ಹೇಳುವುದು ಒಂದೇ, ನಲವತ್ತಾದ ಮೇಲೆ ಮೆಟಬಾಲಿಸಂ ಬಿದ್ದುಹೋಗುತ್ತದೆ ಅಂತ. ನಾನೂ ಹಾಗೇ ಅಂದುಕೊಂಡು ಸಮಾಧಾನದಲ್ಲಿದ್ದೆ. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಜೊತೆಗಾರರು ಬರೆದದ್ದರ ಬಗ್ಗೆ ಓದಿದ ಮೇಲೆ ಆ ಸಮಾಧಾನವೂ ಹೋಯಿತು. ಎಂಟು ದಿನದ ಕೂಸಿನಿಂದ 95 ವರ್ಷದವರ ತನಕ, 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆ. ಮೈಯ ಗಾತ್ರದ ಲೆಕ್ಕ ಹಿಡಿದರೆ 20ರಿಂದ 60 ವರ್ಷದ ತನಕ ಖರ್ಚು ಹೆಚ್ಚುಕಡಿಮೆ ಒಂದೇ. ಮುಟ್ಟು ನಿಲ್ಲುವ ಹೊತ್ತಿಗೂ ದಿಢೀರ್ ಇಳಿಯುವುದಿಲ್ಲ. 60 ದಾಟಿದ ಮೇಲೆ ವರ್ಷಕ್ಕೆ ಶೇಕಡಾ 0.7ರಷ್ಟು ಇಳಿಯುತ್ತದೆ. ಹಾಗಾದರೆ ನಡುವೆ ಬದಲಾಗುವುದು ಏನು? ಮಕ್ಕಳು ದೊಡ್ಡವರಾಗುತ್ತಾರೆ, ಓಡಾಟ ಕಡಿಮೆ, ಸ್ಕೂಟಿ ಬಂತು, ನಿದ್ದೆ ಸರಿ ಇಲ್ಲ, ಮಕ್ಕಳ ತಾಟಿನಲ್ಲಿ ಉಳಿದದ್ದು ಚೆಲ್ಲಬಾರದು ಅಂತ ನಾವೇ ತಿನ್ನುತ್ತೇವೆ.

ಕ್ಯಾಲೊರಿ ಎಣಿಸಲು ಆಗುವುದಿಲ್ಲ ಅಂತ ಗರಡಿ ತಮ್ಮ ಹೇಳಿದ್ದು ಖರೆ. ನಾನು ಎಣಿಸುವುದು ಎಣ್ಣೆ ಒಂದೇ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಬರುತ್ತದೆ, ಎಷ್ಟು ಜನ ಇದ್ದೇವೆ, ಅಷ್ಟೇ. ನಾಲ್ಕು ಜನಕ್ಕೆ ನಾಲ್ಕು ಲೀಟರ್ ಅಂದರೆ ತಲೆಗೆ ದಿನಕ್ಕೆ 30 ಗ್ರಾಂ, ಅದೇ 270 ಕ್ಯಾಲೊರಿ. ಮೂರಕ್ಕೆ ಇಳಿಸಿದರೆ ಯಾರ ತಾಟಿನ ರೊಟ್ಟಿಯನ್ನೂ ಕಸಿಯದೆ 65ರಿಂದ 70 ಕ್ಯಾಲೊರಿ ಕಡಿಮೆ. ಎಣ್ಣೆಗಾಯಿ ವಾರಕ್ಕೊಮ್ಮೆ ಮಾಡಿ, ಉಳಿದ ದಿನ ಪುಂಡಿಪಲ್ಯ, ಮಡಕಿಕಾಳು, ಹೆಸರುಕಾಳು, ಮೇಲೆ ಹಸಿ ಮೆಂತ್ಯ, ಸೌತಿಕಾಯಿ, ಉಳ್ಳಾಗಡ್ಡಿ. ಶೇಂಗಾ ಹಿಂಡಿ ಒಂದು ಚಮಚ ಸಾಕು, ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ ಇರುತ್ತದೆ. ಒಳ್ಳೆಯ ಎಣ್ಣೆಯೇ, ಆದರೂ ಎಣ್ಣೆ. ಮೊಸರು ಗಟ್ಟಿ ಇರಲಿ, ಕೆನೆ ಬೇಡ.

ಜೋಳದರೊಟ್ಟಿ84

ಎಲ್ಲರಿಗೂ ಧನ್ಯವಾದ. ಸೊಂಟ ಅಳೆದೆ, 101. ನಂಬರು ನೋಡಿ ಅವ್ವನೂ ಸುಮ್ಮನಾದಳು. ಬಿಎಂಐ 29 ಬಂತು. ಟಿಎಸ್‌ಎಚ್ ಜೊತೆ ಸಕ್ಕರೆನೂ ಮಾಡಿಸುತ್ತೇನೆ, ಗೆಳೆಯನನ್ನೂ ಎಳೆದುಕೊಂಡು ಹೋಗುತ್ತೇನೆ. ಪೌಡರ್ ಕ್ಯಾನ್ಸಲ್.

ಚಹಾ ಪೂರ್ತಿ ಬಿಡಲು ಆಗುವುದಿಲ್ಲ, ಅದೊಂದು ಮಾತ್ರ ಕೇಳಬೇಡಿ. ಇನ್ನೆರಡು ಪ್ರಶ್ನೆ ಇವೆ. ರಾತ್ರಿ ಊಟ ಬಿಡುವುದರ ಬಗ್ಗೆ ಯಾರೂ ಹೇಳಲಿಲ್ಲ. ಆಮೇಲೆ ಏಪ್ರಿಲ್, ಮೇ ಬಂದರೆ ನಮ್ಮ ವಿಜಯಪುರದಲ್ಲಿ 40 ಡಿಗ್ರಿ ದಾಟುತ್ತದೆ. ಪ್ರತಿ ವರ್ಷ ಆಗ ವಾಕಿಂಗ್ ನಿಲ್ಲುತ್ತದೆ, ಮತ್ತೆ ಶುರುವಾಗುವುದು ಮಳೆಗಾಲಕ್ಕೆ. ಅದಕ್ಕೇನು ಮಾಡುವುದು?

ಡಯಟ್ ಅಕ್ಕ, ಬೆಳಗಾವಿ

ಚಹಾ ಬಿಡಿ ಅಂತ ನಾನು ಹೇಳಿಲ್ಲವಲ್ಲ ಅಣ್ಣಾ. ಸಕ್ಕರೆ ಅರ್ಧ ಚಮಚಕ್ಕೆ ಇಳಿಸಿ, ಕಪ್ ಮೂರಕ್ಕೆ ಇಳಿಸಿ. ಬೆಲ್ಲ ಹಾಕಿದರೆ ಪರವಾಗಿಲ್ಲ ಅಂತ ಮಾತ್ರ ತಿಳಿಯಬೇಡಿ, ಕ್ಯಾಲೊರಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ.

ರಾತ್ರಿ ಊಟ ಬಿಡುವುದು ಕೆಲವರಿಗೆ ಹೊಂದುತ್ತದೆ, ಕೆಲವರು ಹನ್ನೊಂದಕ್ಕೆ ಎದ್ದು ಫರಾಳದ ಡಬ್ಬಿ ತೆಗೆಯುತ್ತಾರೆ. ನೀವು ಯಾವ ಥರದವರು ಅಂತ ನಿಮಗೇ ಗೊತ್ತು. ನನ್ನನ್ನು ಕೇಳಿದರೆ ಬಿಡಬೇಡಿ, ಎಂಟರೊಳಗೆ ಮುಗಿಸಿ. ಒಂದು ಅಥವಾ ಎರಡು ರೊಟ್ಟಿ, ಜೊತೆಗೆ ಕಾಳಿನ ಪಲ್ಯ ರೊಟ್ಟಿಗಿಂತ ಜಾಸ್ತಿ. ಕಾಳು, ಮೊಟ್ಟೆ, ಮೊಸರು ಯಾಕೆ ಅಂದರೆ ಪ್ರೋಟೀನ್ ಅರಗಿಸಲು ಅದರ ಕ್ಯಾಲೊರಿಯ ಶೇಕಡಾ 20ರಿಂದ 30 ಖರ್ಚಾಗುತ್ತದೆ, ಎಣ್ಣೆ ತುಪ್ಪಕ್ಕೆ ಮೂರೂ ಇಲ್ಲ. ಹೊಟ್ಟೆಯೂ ಹೆಚ್ಚು ಹೊತ್ತು ತುಂಬಿದಂತೆ ಇರುತ್ತದೆ. ಸಕ್ಕರೆ ರಿಪೋರ್ಟ್ ಹೆಚ್ಚು ಬಂದು ಗುಳಿಗೆ ಶುರುವಾದರೆ ಮಾತ್ರ ಊಟ ತಪ್ಪಿಸುವ ಪ್ರಯೋಗ ಡಾಕ್ಟರನ್ನು ಕೇಳದೆ ಮಾಡಬೇಡಿ, ಸಕ್ಕರೆ ಒಮ್ಮೆಲೇ ಇಳಿದುಬಿಡಬಹುದು.

ನವನಗರದವ, ಬಾಗಲಕೋಟೆ

ಬೇಸಿಗೆಗೆ ನಾನು ಹೇಳುತ್ತೇನೆ, ನಮ್ಮಲ್ಲೂ ಅದೇ ಬಿಸಿಲು. ಮುಂಜಾನೆ ಏಳರೊಳಗೆ ಮನೆಗೆ ಬಂದುಬಿಡಬೇಕು, ಅಂದರೆ ಐದೂವರೆಗೆ ಹೊರಡಬೇಕು. ಆಗದಿದ್ದರೆ ಆ ಎರಡು ತಿಂಗಳು ಗರಡಿ ಹುಡುಗ ಹೇಳಿದ ಕಸರತ್ತು ಮನೆಯೊಳಗೇ ಮಾಡಿ, ಫ್ಯಾನ್ ಕೆಳಗೆ. ರಾತ್ರಿ ಊಟ ಆದ ಮೇಲೆ ಓಣಿಯಲ್ಲೇ ಹದಿನೈದು ನಿಮಿಷ ತಿರುಗಿ. ಮಜ್ಜಿಗೆ ಕುಡಿಯಿರಿ, ತಂಪು ಪಾನೀಯದ ಬಾಟಲಿ ಬೇಡ.

ಆಮೇಲೆ ಆಫೀಸಿಗೆ ಯಾವುದರಲ್ಲಿ ಹೋಗುತ್ತೀರಿ? ಮೂರ್ನಾಲ್ಕು ಕಿಲೋಮೀಟರ್ ಒಳಗಿದ್ದರೆ ಸೈಕಲ್ ತಗೊಳ್ಳಿ. ನಮ್ಮ ವಿಜಯಪುರ, ಬಾಗಲಕೋಟೆ ಅಂದರೆ ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆಗಳು. ಇಲ್ಲಿಯ ಹುಡುಗ ಹುಡುಗಿಯರು ದೇಶದ ಮಟ್ಟದಲ್ಲಿ ಪದಕ ತರುತ್ತಾರೆ, ನಾವು ಓಣಿ ತುದಿಯ ಕಿರಾಣಿ ಅಂಗಡಿಗೂ ಬೈಕ್ ತೆಗೆಯುತ್ತೇವೆ. ಆಫೀಸಿನಲ್ಲಿ ಫೋನ್ ಬಂದರೆ ಎದ್ದು ನಿಂತು ಮಾತಾಡಿ. ನೀರಿನ ಬಾಟಲಿ ಟೇಬಲ್ ಮೇಲೆ ಇಟ್ಟುಕೊಳ್ಳಬೇಡಿ, ಬೇಕಾದಾಗ ಎದ್ದು ಹೋಗಿ ಕುಡಿಯಿರಿ.

ಜೋಳದರೊಟ್ಟಿ84

ಆಫೀಸು ಮೂರು ಕಿಲೋಮೀಟರ್, ಆದರೆ ಮೂರನೇ ಮಾಳಿಗೆ, ಲಿಫ್ಟ್ ಇದೆ. ಸೈಕಲ್ ಮನೆಯಲ್ಲಿ ತಮ್ಮನದು ಒಂದಿದೆ, ಚೈನ್ ತುಕ್ಕು ಹಿಡಿದಿದೆ. ರಿಪೇರಿಗೆ ಕೊಡುತ್ತೇನೆ.

ಗರಡಿ ಹುಡುಗ, ಮುಧೋಳ

ಹತ್ತುವಾಗ ಮೆಟ್ಟಿಲು, ಇಳಿಯುವಾಗ ಲಿಫ್ಟ್. ನಿಮ್ಮ ತೂಕಕ್ಕೆ ಇಳಿಯುವುದೇ ಮಂಡಿಗೆ ಭಾರ. ಒಂದು ತಿಂಗಳು ಆದ ಮೇಲೆ ರಿಪೋರ್ಟ್ ಏನು ಬಂತು ಅಂತ ಇಲ್ಲೇ ಹಾಕಿ, ಗೆಳೆಯನದೂ ಸೇರಿಸಿ.